ತಗ್ಗು

ವೆರ್ಣಾ ಗುಡ್ಡದ ಮೇಲೆ ಐಟಿಐ. ಮೊದಲು ಎರಡೇ ಶೆಡ್ಡು,
ಫಿಟ್ಟರ್, ವೆಲ್ಡರ್. ಈಗ ಹನ್ನೊಂದು ಟ್ರೇಡು,
ಬರುವ ವರ್ಷ ದೋಣಿ ರಿಪೇರಿ, ಬೇಕರಿ.
‘ಹಸಿರು ಮಾಡಿಕೊಡಿ’ ಅಂದರು ಪ್ರಿನ್ಸಿಪಾಲ್ ಶೆಟಗಾಂವ್ಕರ್,
ಚಹಾ ಬರುವ ಮೊದಲೇ.

ಮೇ ತಿಂಗಳು. ಕಾಲಡಿಗೆ ಮುರಕಲ್ಲು,
ಒಲೆಯಿಂದ ಈಗಷ್ಟೇ ಇಳಿಸಿದ ಬಾಣಲೆ.
ಟ್ರೇಸಿಂಗ್ ಹಾಳೆ ಹಾಸಿ ಬರೆದೆ:
ಇಲ್ಲಿ ಬಂಜರು, ನಾನೂರು ಲಾರಿ ಮಣ್ಣು, ಲಾನ್.
ಇಲ್ಲಿ ತಗ್ಗು, ತುಂಬಿಸಿ ಪಾರ್ಕಿಂಗ್.
ಪೆನ್ಸಿಲ್ಲಿಗೆ ಬಿಸಿಲು ತಾಗುವುದಿಲ್ಲ.

ಮಾಲಿ ಯಂಕಪ್ಪ, ಬೀಳಗಿ ಕಡೆಯವನು,
ಪೈಪು ಮಡಚಿ ನೀರು ಹಿಡಿದುಕೊಂಡೇ ಬಗ್ಗಿ ನೋಡಿದ.
‘ತಗ್ಗಂದ್ರ ಯಾವ್ದ್ರಿ ಬಾಯಾರ? ಆ ಕ್ವಾರಿ ಏನು?
ಅದರಾಗ ಆರು ವರ್ಷ ಕಲ್ಲ ಕೊಯ್ದೀನ್ರಿ.
ಈ ಸಾಲಿ ಗ್ವಾಡಿ, ನೀವು ಕುಂತ ಕಟ್ಟಿ,
ಎಲ್ಲಾ ಅದರ ಹೊಟ್ಟ್ಯಾಗಿಂದ ಬಂದದ್ದು.’

ಇಳಿದು ನೋಡಿದೆ. ಗೋಡೆ ತುಂಬ ಗೆರೆ,
ಗರಗಸ ಬರೆದ ಕಾಪಿ ಪುಸ್ತಕ,
ಒಂದು ಸಾಲೂ ಡೊಂಕಿಲ್ಲ.
ತಳದಲ್ಲಿ ಮೊಣಕಾಲುದ್ದ ನೀರು, ಆ ಮೇ ತಿಂಗಳಲ್ಲೂ.
ಒಂದು ಕಡೆ ಅವನು ಅಂಗೈ ಇಟ್ಟು ನಿಂತ,
ಏನೂ ಹೇಳಲಿಲ್ಲ.
ತಮ್ಮನ ವಿಷಯ ಕೇಳಿದ್ದು ಆಮೇಲೆ,
ಕ್ಯಾಂಟೀನಿನಲ್ಲಿ, ಬೇರೆಯವರಿಂದ.

ಆಗಸ್ಟಿನಲ್ಲಿ ಮತ್ತೆ ಹೋದೆ.
ನಾನು ಬಂಜರು ಎಂದು ಬರೆದಿದ್ದ ಕಡೆ
ಉಗುರಿಗಿಂತ ಸಣ್ಣ ನೀಲಿ ಹೂ, ಕಣ್ಣು ಹೋದಷ್ಟು ದೂರ;
ನಡುನಡುವೆ ಮೈಗೆ ಅಂಟು ಸವರಿಕೊಂಡು
ನೊಣ ಕಾಯುವ ಕೆಂಪು ಗಿಡ.
ಎರಡು ಬೆರಳು ಮಣ್ಣಿಲ್ಲ ಅಲ್ಲಿ.

ಬಸ್‌ಸ್ಟಾಪಿನಿಂದ ಶೆಡ್ಡಿಗೆ ಮಾತ್ರ ಹೂವಿಲ್ಲದ ಓರೆ ದಾರಿ,
ತಡವಾದ ಹುಡುಗರ ಬೂಟಿನದು.
ನನ್ನ ನೇರ ಗೆರೆಗಳನ್ನೆಲ್ಲ ಒಂದೇ ಸಲಕ್ಕೆ ಹೊಡೆದುಹಾಕಿತ್ತು,
ಮೇಷ್ಟ್ರು ತಪ್ಪು ಲೆಕ್ಕಕ್ಕೆ ಹೊಡೆಯುವ ಹಾಗೆ.

ರಬ್ಬರು ಬಹಳ ಸವೆಯಿತು.
ಲಾನ್ ಹೋಯಿತು, ಲಾರಿ ಹೋಯಿತು. ಓರೆ ದಾರಿ ಉಳಿಯಿತು,
ಅದಕ್ಕೆ ಕಲ್ಲು ಹಾಸುವುದು ಗವಂಡಿ ಕ್ಲಾಸಿನ ಹುಡುಗಿಯರ ಪ್ರಾಕ್ಟಿಕಲ್.
ಕ್ವಾರಿಗೆ ವೆಲ್ಡರ್‌ಗಳ ಕಂಬಿಬೇಲಿ, ಒಂಬತ್ತು ಮೆಟ್ಟಿಲು,
ಹತ್ತನೆಯದು ನೀರೊಳಗೆ.
‘ಪಾರ್ಕಿಂಗ್ ಎಲ್ಲಿ?’ ಅಂದರು ಶೆಟಗಾಂವ್ಕರ್.
ಇನ್ನೂ ಅನ್ನುತ್ತಿದ್ದಾರೆ.

ಸೋಮವಾರ ನಕಾಶೆ ಪ್ರಿಂಟಿಗೆ ಹೋಗಬೇಕು,
ಆ ಜಾಗಕ್ಕೊಂದು ಹೆಸರು ಬರೆಯಬೇಕು.
ಯಂಕಪ್ಪನನ್ನು ಕೇಳೋಣವೆಂದುಕೊಂಡೆ, ಕೇಳಿಲ್ಲ.
‘ತಗ್ಗು’ ಅಳಿಸಿದ್ದೇನೆ.
ಉಜ್ಜಿ ಉಜ್ಜಿ ಹಾಳೆ ಅಲ್ಲಿ ಸ್ವಲ್ಪ ಕುಳಿಬಿದ್ದಿದೆ,
ಬೆರಳಿಗೆ ಹತ್ತುತ್ತದೆ.