ಸ್ವಂತ ಲಗೇಜು ಹೊರತು

ಹೆಜಮಾಡಿ ಟೋಲ್ ದಾಟಿ ಎರಡು ಕಿಲೋಮೀಟರು ಆಗಿರಲಿಲ್ಲ,
ಮುಂದೆ ಹೋದ ಮೀನಿನ ಲಾರಿಯ ಬಾಲದಿಂದ
ರಸ್ತೆಯುದ್ದ ಸೋರಿತ್ತು ಬಂಗುಡೆಯ ಐಸುನೀರು.
ಬ್ರೇಕು ಒತ್ತಿದೆ. ಕಾರು ಕೇಳಲಿಲ್ಲ.
ಡಿವೈಡರಿಗೆ ಹೋಗಿ ಹಣೆ ಊರಿ ನಿಂತಿತು.

ನನಗೆ ಏನೂ ಆಗಲಿಲ್ಲ, ಮೊಣಕೈ ತರಚಿದ್ದು ಬಿಟ್ಟರೆ.
ಹಿಂದಿನಿಂದ ಒಂದು ಪಿಕಪ್ಪು ಮುಟ್ಟಿತು, ಮೆಲ್ಲಗೆ.
ಡಿಕ್ಕಿ ಹೊಡೆದದ್ದಕ್ಕೆ ಡಿಕ್ಕಿ ಬಾಯಿ ತೆರೆದು
ಹನ್ನೊಂದು ಸೆಟ್ಟು ಹಲ್ಲು ಹೆದ್ದಾರಿಗೆ ಬಿತ್ತು.
ಬಿಸಿಲಲ್ಲಿ ಗುಲಾಬಿ ಒಸಡು,
ಯಾರನ್ನೂ ನೋಡದ ನಗು.
ಸಹಾಯಕ್ಕೆಂದು ಇಳಿದ ಆಟೋದವ
ಒಂದು ಸಲ ನೋಡಿ, ಮತ್ತೆ ಹತ್ತಿ ಕೂತ.

ನಾನು ಬಲ್ಮಠದ ಡೆಂಟಲ್ ಲ್ಯಾಬಿನವಳು.
ಕಾಪು, ಕಟಪಾಡಿ, ಉಡುಪಿಯ ಕ್ಲಿನಿಕ್ಕುಗಳಿಂದ
ಅಚ್ಚು ತರುವುದು, ಹಲ್ಲು ಮುಟ್ಟಿಸುವುದು.
ಕಾರು ನನ್ನದೇ, ಪೆಟ್ರೋಲು ಲ್ಯಾಬಿನದು,
ಕಿಲೋಮೀಟರಿಗೆ ಇಷ್ಟು ಅಂತ ತಿಂಗಳ ಕೊನೆಗೆ
ರಬ್ಬರ್ ಬ್ಯಾಂಡು ಸುತ್ತಿದ ನೋಟು.

ಪಡುಬಿದ್ರಿಯ ಗ್ಯಾರೇಜಿಗೆ ಸರ್ವೇಯರ್ ಮಸ್ಕರೇನ್ಹಸ್ ಬಂದರು.
ಬಂಪರಿನ ಫೋಟೊ ತೆಗೆದರು, ಚಹಾ ಬೇಡವೆಂದರು.
"ಎಲ್ಲಿಗೆ ಹೊರಟದ್ದು?"
"ಉಡುಪಿಗೆ."
"ಎಂತಕ್ಕೆ?"

ಐದು ವರ್ಷದಿಂದ ಡ್ಯಾಶ್‌ಬೋರ್ಡಿನೊಳಗೆ ಮಲಗಿದ್ದ ಪಾಲಿಸಿಯನ್ನು
ಅವರೇ ಬಿಡಿಸಿ, ಬೆರಳಿಟ್ಟು ಓದಿದರು,
ಜಾಗದ ಗಡಿಕಲ್ಲು ತೋರಿಸುವವರ ಹಾಗೆ.
ಇಲ್ಲಿಯವರೆಗೆ ನಿಮ್ಮದು, ಇಲ್ಲಿಂದಾಚೆ ಅಲ್ಲ.
ಬಾಡಿಗೆಗೆ ಓಡಿಸಿದರೆ ಇಲ್ಲ.
ಸರಕು ಸಾಗಿಸಿದರೆ ಇಲ್ಲ,
ಸ್ಯಾಂಪಲ್ ಮತ್ತು ಸ್ವಂತ ಲಗೇಜು ಹೊರತು.

ಹಲ್ಲು ಸರಕೋ?
ತಕ್ಕಡಿಗೆ ಹಾಕಲಾಗದ್ದು, ಇನ್ನೊಂದು ಬಾಯಿಗೆ ಕೂರದ್ದು ಸರಕೋ?
ಕಾಪುವಿನ ಕಮಲು ಪೂಜಾರ್ತಿಗೆ ಮಾಡಿದ್ದು
ಕಾಪುವಿನ ಕಮಲು ಪೂಜಾರ್ತಿಗೆ ಮಾತ್ರ.
ಎರಡು ತಿಂಗಳು ಗಂಜಿಯಲ್ಲೇ ಕಳೆದ ಆಕೆ
ಆ ದಿನ ಕೋಳಿ ಸಾರು ಮಾಡಿಸಿ,
ರೊಟ್ಟಿಯ ಮೇಲೆ ಹೊಯ್ಯದೆ ಕಾಯುತ್ತಿದ್ದರಂತೆ.
ನೆನೆದ ರೊಟ್ಟಿ ಯಾರಿಗೆ ಬೇಕು,
ಕರುಂ ಕುರುಂ ಆಗಬೇಕು ಎಂದು.

ಮಸ್ಕರೇನ್ಹಸ್ ಪೆನ್ನು ಮುಚ್ಚಿದರು. ಆಚೆ ಈಚೆ ನೋಡಿದರು.
"ನೋಡಿ ಮೇಡಂ, ಉಡುಪಿಗೆ ಜನ ನೆಂಟರ ಮನೆಗೂ ಹೋಗ್ತಾರೆ.
ನಾನು ಏನೂ ಹೇಳಲಿಲ್ಲ ಆಯ್ತಾ."

ಸುಳ್ಳಿಗೆ ಎಷ್ಟು ಅಗಲದ ಸರ್ವಿಸ್ ರೋಡು ಬಿಟ್ಟುಕೊಟ್ಟರು!
ನೆಂಟರು ಇಲ್ಲದೆಯೂ ಇಲ್ಲ.
ಅಂಬಲಪಾಡಿಯಲ್ಲಿ ಚಿಕ್ಕಮ್ಮ ಇದ್ದಾರೆ,
ಒಳಗೆ ಕಾಲಿಡದೆ ಮೂರು ವರ್ಷ.
ವಾರಕ್ಕೆ ನಾಲ್ಕು ಸಲ ಅವರ ಗೇಟಿನ ಮುಂದೆಯೇ ಹೋಗುತ್ತೇನೆ,
ಹಾರ್ನು ಕೂಡ ಹೊಡೆಯದೆ,
ಲ್ಯಾಬಿನ ಹೊತ್ತು, ಲ್ಯಾಬಿನ ಪೆಟ್ರೋಲು ಎಂದು.
ಹೋಗಿದ್ದೆ ಅಂತ ಬರೆಸಿದರೆ
ಕಾರು ರಿಪೇರಿ ಆದೀತು.
ಹೋಗಲಿಲ್ಲ ಎಂಬುದು?

"ಹಲ್ಲು ಕೊಡಲಿಕ್ಕೆ," ಎಂದೆ. "ಕೆಲಸಕ್ಕೆ."

ಅವರು ಬರೆದುಕೊಂಡರು, ಮೂರು ಕಾರ್ಬನ್ ಪ್ರತಿಗೂ ಮೂಡುವಷ್ಟು ಒತ್ತಿ.

ಕ್ಲೇಮು ಈಗಲೂ ಪರಿಶೀಲನೆಯಲ್ಲಿ ಉಂಟು.
ಯಜಮಾನರು, ಬೇರೆಯವರ ಬಾಯಿಗೆ ಹಲ್ಲು ಕೂರಿಸುವವರು,
"ನಿನಗೆ ಬಾಯಿ ಮುಚ್ಚಲಿಕ್ಕೆ ಆಗಲಿಲ್ಲವಾ?" ಎಂದರು.
ಕೆಲಸಕ್ಕೆ ಓಡುವ ಕಾರಿಗೆ ಬೇರೆ ಪಾಲಿಸಿ, ಬೇರೆ ಕಂತು,
ಏಜೆಂಟ್ ಲೆಕ್ಕ ಕಳಿಸಿದ್ದಾನೆ.
ಹೆಚ್ಚಿನದ್ದು ಯಾರು ಕಟ್ಟುವುದು ಎಂದು ಕೇಳಿದೆ.
ಲ್ಯಾಬಿನಲ್ಲಿ ಆಗ ಎಲ್ಲರ ಬಾಯಲ್ಲೂ ಅಚ್ಚಿನ ಹಿಟ್ಟು.

ಸದ್ಯಕ್ಕೆ ಎಕ್ಸ್‌ಪ್ರೆಸ್ ಬಸ್ಸು.
ಹೊಸದಾಗಿ ಮಾಡಿದ ಸೆಟ್ಟು ಮಡಿಲಲ್ಲಿ, ಸ್ಟೀಲಿನ ಡಬ್ಬದಲ್ಲಿ,
ಮೂಲ್ಕಿ ಸೇತುವೆಯ ಮೇಲೆ ಸಣ್ಣಗೆ ಕಟಕಟ.
ಕಂಡಕ್ಟರ್ ಬಗ್ಗಿದ. "ಎಂತದಕ್ಕಾ ಅದು? ನಿಮ್ಮದಾ? ಲಗೇಜು ಹಾಕಲಾ?"

"ಕಮಲಕ್ಕನದ್ದು," ಎಂದೆ. "ಹಲ್ಲು."

ಅವನು ನಕ್ಕ.
ಎದುರಿನದ್ದು ಒಂದು ಇರಲಿಲ್ಲ ಅವನಿಗೆ.