ಬೇಸ್ ಇನ್ನೂರ ಹನ್ನೆರಡು

ನೂರಡಿ ರಸ್ತೆಯ ಅಂಗಡಿ. ಷಟರ್ ಅರ್ಧ ಇಳಿದಿದೆ.
ಎದುರಿನ ಕಬ್ಬಿನ ಹಾಲಿನವನು ಗಾಣ ತೊಳೆಯುತ್ತಿದ್ದಾನೆ.
ನನ್ನ ಮುಂದೆ ಹಳೆಯ ಹಾರ್ಡ್‌ಡಿಸ್ಕು,
ಡೇಟಾ ತುಪ್ಪದಷ್ಟು ದುಬಾರಿಯಿದ್ದ ಕಾಲದಲ್ಲಿ
ಹತ್ತು ರೂಪಾಯಿಗೆ ಆ್ಯಪ್ ತುಂಬಿಕೊಡುತ್ತಿದ್ದ
ವೆಂಕಟಾಚಲಯ್ಯ ಬಿಟ್ಟುಹೋದದ್ದು.
ಹೋದದ್ದು ಅಂದರೆ ಕೆರಗೋಡಿಗೆ. ಈಗ ಹಿಟ್ಟಿನ ಗಿರಣಿ.

ಬೇಸ್, ಬೇಸ್ ಒಂದು, ಬೇಸ್ ಎರಡು,
ಹೀಗೇ ಬೇಸ್ ಮುನ್ನೂರ ನಲವತ್ತರ ತನಕ.
ನಮ್ಮಜ್ಜಿ ಎಲ್ಲ ಮೊಮ್ಮಕ್ಕಳನ್ನೂ
‘ಏ ಮಗ’ ಅಂತಲೇ ಕರೆದ ಹಾಗೆ.

‘ಒಳಗೆ ಬರ್ದಿರ್ತದೆ ಕಣಣ್ಣ’ ಅಂದಳು ತೇಜಾವತಿ,
ಡಿಪ್ಲೊಮಾ ಮೂರನೇ ವರ್ಷ, ಸಂಜೆ ಇಲ್ಲಿ ಬೆಸುಗೆ ಕೆಲಸ.
‘ಹೊರಗಿನ ಹೆಸ್ರು ನಂಬಬ್ಯಾಡ.
ಒಳಗಿನ ಚೀಟಿ ಓದ್ಸಾನ.’

ಹದಿನಾಲ್ಕು ಸಾಲು ಬರೆದಳು.
ಫೋಲ್ಡರಿಗೆ ಹೋಗು. ಒಂದೊಂದನ್ನೇ ಮುಟ್ಟು.
ನಿನ್ನ ಹೆಸರೇನು ಅಂತ ಕೇಳು.
ಹೇಳಿದ್ದನ್ನು ಹಣೆಗೆ ಬರೆ.

‘ಮೊದ್ಲು ಬರೀ ತೋರ್ಸು ಅನ್ನಾನ, ಬದಲಾಯ್ಸೋದು ಆಮೇಲೆ.’
ನಾನು ಕೇಳಲಿಲ್ಲ. ಎಂಟರ್ ಒತ್ತಿದೆ.

ಮುನ್ನೂರ ನಲವತ್ತೊಂದು ಇದ್ದದ್ದು
ಮುನ್ನೂರ ಹದಿನೇಳಾಯಿತು.
ಪಂಚಾಂಗ ಎರಡಿತ್ತು, ಒಂದು ಇನ್ನೊಂದನ್ನು ನುಂಗಿತು.
ಟಾರ್ಚು ಐದಿತ್ತು, ಒಂದೇ ಉಳಿಯಿತು.
ತೇಜಾವತಿ ಬೈಯಲಿಲ್ಲ. ಜೇಬಿನ ಪೆನ್‌ಡ್ರೈವಿನಿಂದ
ತಾನು ಮೊದಲೇ ಮಾಡಿಟ್ಟಿದ್ದ ನಕಲು ತೆಗೆದಳು.
ಬೈದಿದ್ದರೇ ವಾಸಿಯಿತ್ತು.

ನಮ್ಮೂರಲ್ಲಿ ಬೋರೇಗೌಡರು ಆರು ಜನ.
ಗುಡಿಮನೆ ಬೋರ, ಕುಳ್ಳಬೋರ, ಮಿಲ್ಟ್ರಿ ಬೋರ,
ಪೋಸ್ಟಿನವನು ಒಂದು ಕಾಗದವನ್ನೂ ತಪ್ಪಿಸಿದ್ದಿಲ್ಲ.
ಅವಳೂ ಹೆಸರಿನ ಪಕ್ಕ ಆವೃತ್ತಿಯ ಅಂಕಿ ಸೇರಿಸಿದಳು.
ಈ ಸಲ ಯಾರೂ ಯಾರನ್ನೂ ತಿನ್ನಲಿಲ್ಲ.

ಬೇಸ್ ಎಪ್ಪತ್ತು ಎದ್ದು ರೈಲಿನ ವೇಳಾಪಟ್ಟಿಯಾಯಿತು.
ಬೇಸ್ ತೊಂಬತ್ತೊಂದು, ಹಣ್ಣು ಕುಯ್ಯುವ ಆಟ.
ನಾನು ಏನೋ ಅಂದುಕೊಂಡಿದ್ದ ದೊಡ್ಡ ಫೈಲು
ಬರೀ ದೇವರ ಪಟಗಳ ಮೂಟೆ.

ಒಂದು ಮಾತ್ರ ಮೊಂಡು ಹಿಡಿಯಿತು, ಇನ್ನೂರ ಹನ್ನೆರಡು.
ಹೆಸರಿನ ಜಾಗ ಖಾಲಿ. ಆವೃತ್ತಿ ಸೊನ್ನೆ ಪಾಯಿಂಟ್ ಮೂರು.
ಸಹಿ ಹಾಕಿದವರು ಯಾರು? ತೇಜಾವತಿ ಕೆದಕಿದಳು.
ಹೆಸರು: ಗೊತ್ತಿಲ್ಲ.
ಸಂಸ್ಥೆ: ಗೊತ್ತಿಲ್ಲ.
ಊರು: ಮಂಡ್ಯ.

ಗಾಜು ಒಡೆದ ಹಳೇ ಸೆಟ್ಟಿಗೆ ಹಾಕಿ ತೆರೆದೆವು.
ಹಸಿರು ಪರದೆ, ತಲೆಬರಹ ಇಲ್ಲ.
ಹನ್ನೊಂದು ಹೆಸರು. ಜವರಾಯಿ, ಟ್ರಾಕ್ಟರ್ ಪುಟ್ಟಯ್ಯ, ನಿಂಗಾಜಮ್ಮ...
ಒಬ್ಬೊಬ್ಬರ ಎದುರೂ ಗಾಡಿ, ಟನ್ನು, ಅಚ್ಚು, ಮುಂಗಡ.
ಯಾವುದೋ ಆಲೆಮನೆಯ ಲೆಕ್ಕ.
ಹೊಸ ಹೆಸರು ಸೇರಿಸುವ ಗುಂಡಿಯೇ ಇಲ್ಲ.
ಅಳಿಸುವುದೂ ಇಲ್ಲ.
ಈ ಹನ್ನೊಂದು ಜನಕ್ಕೇ ಅಂತ ಯಾರೋ ಕೂತು ಕಟ್ಟಿದ್ದು.

ವೆಂಕಟಾಚಲಯ್ಯನಿಗೆ ಫೋನು ಹಾಕಿದೆ. ಗಿರಣಿಯ ಸದ್ದು.
‘ಬೆಲ್ಲದ್ದಾ? ಯಾರೋ ಹೆಣ್ಮಗಳು ತಂದ್ಲು ಕಣಪ್ಪ,
ಇದ ಅಪ್ಪಾಜಿ ಫೋನಿಗೂ ಹಾಕ್ಕೊಡಿ ಅಂತ.
ದುಡ್ಡು ಇಸ್ಕಂಡ್ನೋ ಇಲ್ವೋ, ಗ್ಯಾಪ್ಕ ಇಲ್ಲ.’

‘ಏನಂತ ಇಡಾನ?’ ಅಂದಳು ತೇಜಾವತಿ.
ಟೈಪು ಮಾಡಲು ಹೋದೆ. ಬೆರಳು ನಿಂತಿತು.
ಅವಳು ಪರದೆಯನ್ನು ಕಣ್ಣಿನ ಹತ್ತಿರ ಹಿಡಿದಿದ್ದಳು.
‘ಸೊನ್ನೆ ಪಾಯಿಂಟ್ ಮೂರು ಅಂದ್ರೆ
ಎರಡು ಸಲ ತಿದ್ದವ್ಳೆ ಕಣಣ್ಣ. ಇಲ್ನೋಡು.’

ಕೊನೆಯ ಹೆಸರು, ಸಾಕಮ್ಮ,
ಉಳಿದ ಹತ್ತಕ್ಕಿಂತ ಚೂರು ಎಡಕ್ಕಿತ್ತು.