ಭುಜದ ಹೊಲಿಗೆ

ಆಟಿ ಅರ್ಧ ಕಳೆದ ಮೇಲೆ ತಿರುಪ್ಪೂರಿನಿಂದ ಇಳಂಗೋ ಬಂದ.
ಒದ್ದೆ ಕೊಡೆ ಬಾಗಿಲಲ್ಲಿಟ್ಟು, ಟ್ಯಾಬ್ ಒರೆಸಿ,
ಕೌಂಟರಿನ ಮೇಲೆ ನನಗೊಂದು ಪ್ಯಾರಿಸ್ ತೆರೆದ.
ಉದ್ದುದ್ದ ಹುಡುಗಿಯರು, ಯಾರ ಮೇಲೋ ಸಿಟ್ಟಾದವರಂತೆ,
ನಡೆದು ಬಂದರು, ತಿರುಗಿದರು, ಹೋದರು.
ಒಬ್ಬಳ ಕೋಟಿನ ತೋಳು ಮೊಣಕಾಲು ಮುಟ್ಟುತ್ತಿತ್ತು.

"ಮುಂದಿನ ಸೀಸನ್ ಪೂರಾ ಇದೇ ಅಕ್ಕಾ,
ಓವರ್‌ಸೈಜು, ಡ್ರಾಪ್ ಶೋಲ್ಡರು, ಮಣ್ಣಿನ ಬಣ್ಣ."
ಯಾವ ಸೀಸನ್ನು, ಎಂದು ಕೇಳಿದೆ.
ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹಿಂದೆ
ಹತ್ತಡಿ ಅಗಲದ ಈ ಅಂಗಡಿಗೆ
ವಸಂತ ಬಂದದ್ದು ನಾನು ಕಂಡಿಲ್ಲ.
ಜೂನಿಗೆ ಯೂನಿಫಾರ್ಮು, ಆಮೇಲೆ ಓಣಂ, ದೀಪಾವಳಿ;
ಗಲ್ಫಿನಿಂದ ಮದುಮಗ ಇಳಿದ ವಾರವೇ ಒಂದು ಋತು;
ಪೆರ್ನಾಳು ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತದೆ,
ಅದರ ಬೆನ್ನಿಗೆ ನನ್ನ ಆರ್ಡರೂ.
ಉಳಿದದ್ದೆಲ್ಲ ಆಟಿ:
ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುವುದು.

ಅಟ್ಟದಲ್ಲಿ ನಲವತ್ತೆರಡು ಸ್ಕಿನ್ನಿ ಜೀನ್ಸು ಕೂತಿವೆ.
ಆಗಲೂ ಇದೇ ಇಳಂಗೋ, ಇದೇ ಕೌಂಟರು, ಇದೇ "ಪೂರಾ ಇದೇ".
"ವಾಪಸ್ ಬರ್ತದೆ ಅಕ್ಕಾ,
ಇಪ್ಪತ್ತು ವರ್ಷಕ್ಕೆ ಎಲ್ಲ ವಾಪಸ್ ಬರ್ತದೆ."
ಆಗ ನನಗೆ ಎಪ್ಪತ್ತೊಂದು.
ನುಸಿಗುಳಿಗೆಯ ಇನ್ನೊಂದು ಪ್ಯಾಕೆಟ್ ತರಿಸಿದೆ.

ಮೂಲೆಯ ಮೆಷಿನಿನಲ್ಲಿ ಅಂಬಾಡಿಯಣ್ಣ. ಅವರ ವೇದ ಒಂದೇ ಸಾಲು:
ಭುಜದ ಹೊಲಿಗೆ ಭುಜದ ಮೂಳೆಯ ಮೇಲೇ ಕೂರಬೇಕು.
ಅರ್ಧ ಇಂಚು ಜಾರಿದರೂ
ಅಂಗಿ ಅಣ್ಣನದ್ದೆಂದು ಊರಿಗೆ ತಿಳಿಯುತ್ತದೆ.
ಅದು ನನಗೂ ಗೊತ್ತು. ಐವರಲ್ಲಿ ನಾನು ನಾಲ್ಕನೆಯವಳು.
ಒಂದೇ ಲಂಗ ಮೂರು ಸೊಂಟ ದಾಟಿ ನನಗೆ ಬರುತ್ತಿತ್ತು,
ಸೇಫ್ಟಿಪಿನ್ನಿನ ಜೊತೆ.
ಸಡಿಲ ಎಂದರೆ ಆಗ ಬೇರೆ ಮಾತು.

ಸೋಣದಲ್ಲಿ ಮಾಲು ಬಂತು. ಶನಿವಾರದೊಳಗೆ ಮೊದಲ ಪೆಟ್ಟಿಗೆ ಖಾಲಿ.
ವಿದ್ಯಾನಗರದ ಕಾಲೇಜು ಮಕ್ಕಳು
ಒಂದೊಂದು ಅಂಗಿಯೊಳಗೆ ಇನ್ನೊಬ್ಬರಿಗೆ ಜಾಗ ಬಿಟ್ಟುಕೊಂಡು
ಕನ್ನಡಿಗೆ ಅರ್ಧ ಬೆನ್ನು ಕೊಟ್ಟು ಫೋಟೋ ಹೊಡೆದರು,
ಬಿಲ್ಲು ಕಟ್ಟಿದರು, ಬಸ್ಸು ಹಿಡಿದರು.
ಹಿಡಿಸಿಕೊಡಿ ಎಂದವರು ಒಬ್ಬರೂ ಇಲ್ಲ.
ಅಂಬಾಡಿಯಣ್ಣ ಮೆಷಿನಿಗೆ ಎಣ್ಣೆ ಬಿಟ್ಟರು.
ಸ್ವಲ್ಪ ಹೊತ್ತಿಗೆ ಮತ್ತೆ ಬಿಟ್ಟರು.

ಆಮೇಲೆ ಸಂಜೆ, ಮೂರು ಮೀಟರ್ ಕಪ್ಪು ಲಿನನ್ ಅವಚಿಕೊಂಡು
ಚೆರ್ಕಳದ ಮುಫೀದಾ.
ನಾನು ಬಟ್ಟೆ ಎಂದೆ, ಅವಳು ತುಣಿ ಎಂದಳು,
ಅಂಬಾಡಿಯಣ್ಣ ಕುಂಟು ಎಂದರು;
ಮೂವರ ನಡುವೆ ಅದು ತನ್ನ ಪಾಡಿಗೆ ಕಪ್ಪಗಿತ್ತು.
ಕೊರಳಿನ ಟೇಪು ನನ್ನ ಕೈಗೆ ಕೊಟ್ಟು, ಪೆನ್ಸಿಲು ಹಿಡಿದರು.
ಅವಳು ಬೇಡ ಎಂದು ನಕ್ಕಳು.
"ಲೂಸ್ ಆಯ್ಕೋಟ್ಟೆ ಚೇಚೀ." ಸಡಿಲವೇ ಇರಲಿ ಅಕ್ಕಾ.
"ಅಳತೆ ದಾಂತೆ ಎಂಚ?" ಅಳತೆಯಿಲ್ಲದೆ ಹೇಗೆ?
ಕೇಳಿದ್ದು ನನ್ನನ್ನಲ್ಲ, ಅವಳನ್ನೂ ಅಲ್ಲ.
ಮೂವತ್ತೆಂಟು ವರ್ಷ ಊರಿನ ಭುಜಗಳನ್ನೆಲ್ಲ ಬರೆದಿಟ್ಟ ನೋಟುಬುಕ್ಕಿನಲ್ಲಿ
ಅವಳ ಹೆಸರಿನ ಮುಂದೆ ಖಾಲಿ ಸಾಲು.

ಕೊನೆಗೆ ಟೇಪು ವಾಪಸ್ ಇಸಿದುಕೊಂಡು
ತನ್ನದೇ ಭುಜಕ್ಕೆ ಹಿಡಿದರು.
ಮೂಳೆಯಿಂದ ಕೆಳಗೆ ಒಂದು, ಎರಡು, ನಾಲ್ಕು ಇಂಚು ಇಳಿಸಿ
ಕನ್ನಡಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು.
ಅರ್ಧ ಇಂಚು ಮೇಲೆ ತಂದರು.
"ಮೂರೂವರೆ. ನಾಲ್ಕಾದರೆ ಎರವಲು."

ಆ ರಾತ್ರಿ ಶಟರ್ ಎಳೆಯುವ ಮೊದಲು
ಶೋಕೇಸಿನ ಗೊಂಬೆಯ ಬೆನ್ನಿಂದ ಆರು ಕ್ಲಿಪ್ಪು ಬಿಚ್ಚಿದೆ.
ಎದುರಿಗೆ ಮೈಗೊಪ್ಪಿದಂತೆ ಕಾಣಲೆಂದು ಹಿಂದೆ ಬಿಗಿದವು.
ಗಿರಾಕಿ ಎಂದೂ ಹಿಂದೆ ಹೋಗಿ ನೋಡಿದ್ದಿಲ್ಲ.
ಅಂಗಿ ಜಗ್ಗನೆ ಇಳಿಯಿತು;
ತಲೆಯಿಲ್ಲದವಳು ಒಂದು ಸೈಜು ಚಿಕ್ಕವಳಾದಳು.
ಐದು ಕ್ಲಿಪ್ಪು ಈಗ ಜಿಎಸ್‌ಟಿ ಕಾಗದ ಕಚ್ಚಿಕೊಂಡಿವೆ,
ನೆಲ್ಲಿಕುಂಜೆಯ ಕಡಲಗಾಳಿಗೆ ಹಾರದ ಹಾಗೆ.
ಒಂದನ್ನು ಅಂಬಾಡಿಯಣ್ಣ ಕೇಳಿ ತೆಗೆದುಕೊಂಡರು,
ಯಾಕೆಂದು ಹೇಳಲಿಲ್ಲ.